ಪುಸ್ತಕದ ಪ್ರಕಾರ ಎಲ್ಲರೂ ಚೆನ್ನಾಗಿದ್ದಾರೆ

1974 ಸೆಪ್ಟೆಂಬರ್ 16, ಸೋಮವಾರ

ಆಕ್ರನ್‌ಗೆ ಬಂದು ಒಂಬತ್ತು ದಿನ. ಅಮೆರಿಕದ ಟೈರು ಕಾರ್ಖಾನೆಗಳ ಊರು, ಎಲ್ಲೆಲ್ಲೂ ರಬ್ಬರು ಸುಟ್ಟ ವಾಸನೆ. ಒಗೆದು ಒಣಹಾಕಿದ ಟವೆಲಿಗೂ ಅದೇ ನಾತ. ಹೊಸ ಹಾಕಿ ತಂಡಕ್ಕೆ ವೀಲರ್ಸ್, ಅಂದರೆ ಚಕ್ರದವರು, ಎಂದು ಹೆಸರಿಟ್ಟಿದ್ದಾರೆ. ಅಂಗಿಯ ಎದೆಯ ಮೇಲೆ ರೆಕ್ಕೆ ಮೂಡಿದ ಟೈರು. ಹಾರುವ ಟೈರು ಎಂದರೆ ಗಾಡಿಯಿಂದ ಕಳಚಿಕೊಂಡ ಟೈರು ಎಂದು ಚಿತ್ರ ಬರೆದವನಿಗೆ ಯಾರೂ ಹೇಳಿದಂತಿಲ್ಲ.

ಬೆಳಗ್ಗೆ ಏಳಕ್ಕೆ ಬಟ್ಟೆ ಒಗೆಯುವ ಯಂತ್ರ ಹಾಕಿ, ಅದು ತಿರುಗುವಷ್ಟು ಹೊತ್ತು ಬರೆಯುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ. ಇಪ್ಪತ್ತನಾಲ್ಕು ಹೊಸ ದೇಹಗಳು ಬಂದಿವೆ, ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳಲು ನನಗೆ ವಯಸ್ಸಾಯಿತು.

ಐಸ್ ಹಾಕಿಯಲ್ಲಿ ಹೊಸ ತಂಡ ಕಟ್ಟುವ ಕ್ರಮ ಹೀಗೆ. ಹಳೆಯ ತಂಡಗಳು ತಮಗೆ ಬೇಕಾದ ಆಟಗಾರರ ಪಟ್ಟಿ ಮಾಡಿ ಬೀಗ ಹಾಕಿಕೊಳ್ಳುತ್ತವೆ. ಅವರು ‘ರಕ್ಷಿತರು’. ಮಿಕ್ಕವರು ‘ಅರಕ್ಷಿತರು’. ಆ ಮಿಕ್ಕವರಲ್ಲಿ ಹೊಸ ತಂಡ ಹೆಕ್ಕಿಕೊಳ್ಳಬೇಕು. ನಮ್ಮಲ್ಲಿಗೆ ಬಂದವರೆಲ್ಲ ಅರಕ್ಷಿತರೇ. ಒಬ್ಬನ ಭುಜ ಎರಡು ಸಲ ಕಳಚಿದೆ. ಒಬ್ಬನಿಗೆ ಬಲಗಣ್ಣು ಅರ್ಧ ಕಾಣುತ್ತದೆ. ಹದಿನೇಳನೇ ನಂಬರಿನವನು ಆರು ವರ್ಷ ಒಂದೇ ತಂಡಕ್ಕೆ ಆಡಿದವನು, ಹೆಂಡತಿ ಮಗಳ ಜೊತೆ ಕಾರಿನಲ್ಲಿ ಹೋಗುವಾಗ ರೇಡಿಯೋದಲ್ಲಿ ಅರಕ್ಷಿತರ ಪಟ್ಟಿಯಲ್ಲಿ ತನ್ನ ಹೆಸರು ಕೇಳಿದನಂತೆ.

ನಾನು ತಂಡದ ಟ್ರೇನರ್. ಹೊಲಿಗೆ, ಟೇಪು, ಮಾಲೀಶು, ಸ್ಕೇಟಿನ ಅಲಗು ಮಸೆಯುವುದು. ಎಲ್ಲ ತಂಡದಲ್ಲೂ ಟ್ರೇನರನ್ನು ‘ಡಾಕ್’, ಅಂದರೆ ಡಾಕ್ಟರು, ಅನ್ನುತ್ತಾರೆ. ನಾನು ಓದಿದ್ದು ಎಂಟನೇ ಕ್ಲಾಸು. ಆಟಗಾರರ ಹೆಸರು ನನಗೆ ಬೇಕಿಲ್ಲ. ನಂಬರು ಸಾಕು.

ಸೆಪ್ಟೆಂಬರ್ 19, ಗುರುವಾರ

ಮ್ಯಾನೇಜರ್ ರೆನ್ವಿಕ್ ಹೊಸ ದಾಖಲೆ ಪುಸ್ತಕ ಕೊಟ್ಟರು. ಕೆಂಪು ರಟ್ಟು, ದಿನಕ್ಕೊಂದು ಪುಟ, ಪ್ರತಿ ನಂಬರಿನ ಮುಂದೆ ಒಂದು ಸಾಲು. ಯಾರಿಗೆ ಏನಾಗಿದೆ ಎಂದು ದಿನವೂ ತುಂಬಿ ಸಹಿ ಹಾಕಬೇಕು.

ಎಲ್ಲ ಟ್ರೇನರುಗಳೂ ಮಾಡುವುದನ್ನೇ ನಾನೂ ಮಾಡುತ್ತೇನೆ. ಪ್ರತಿ ಸಾಲಿನಲ್ಲೂ ‘ಚೆನ್ನಾಗಿದ್ದಾನೆ’ ಎಂದು ಬರೆಯುವುದು. ಇದರಲ್ಲಿ ಮೋಸವಿಲ್ಲ, ದಯೆ ಇದೆ. ನೋವು ಎಂದು ಬರೆದರೆ ಕೋಚ್ ಓದುತ್ತಾನೆ, ಮರುದಿನ ಆ ಜಾಗಕ್ಕೆ ಬೇರೆಯವನು ಬರುತ್ತಾನೆ. ಸುದ್ದಿ ಎದುರಾಳಿಗೆ ತಲುಪಿದರೆ ಕೋಲಿನ ಏಟು ಸರಿಯಾಗಿ ಅಲ್ಲಿಗೇ ಬೀಳುತ್ತದೆ. ಆಟಗಾರರೂ ಅದನ್ನೇ ಹೇಳುತ್ತಾರೆ. ತುಟಿ ಹರಿದು ನೇತಾಡುತ್ತಿದ್ದರೂ ‘ಹೇಗಿದ್ದೀ’ ಎಂದರೆ ಉತ್ತರ ಒಂದೇ: ಚೆನ್ನಾಗಿದೀನಿ. ಬೇರೆ ಉತ್ತರ ಕೊಟ್ಟವನನ್ನು ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ.

ನಿಜ ಏನಿದೆಯೋ ಅದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ನಾಳೆ ಯಾವ ಕಾಲಿಗೆ ಎಷ್ಟು ಟೇಪು ಎಂದು ಗೊತ್ತಿರಬೇಕಲ್ಲ.

ಅಕ್ಟೋಬರ್ 13, ಭಾನುವಾರ

ನಿನ್ನೆ ಮೊದಲ ಆಟ. ತಂಡದ ಯಜಮಾನ ಸ್ಟೋಬರ್ ಬ್ಯಾಂಡು ತರಿಸಿದ್ದರು. ಅವರದು ಚಕ್ರದ ಮೇಲಿನ ಮನೆಗಳನ್ನು ಮಾರುವ ವ್ಯಾಪಾರ. ಐಸ್ ಅಂಗಳದ ನಡುವೆ ಅಂಥದೊಂದು ಮನೆ ತಂದು ನಿಲ್ಲಿಸಿ, ಅದರ ಬಾಗಿಲಿನಿಂದ ಆಟಗಾರರು ಒಬ್ಬೊಬ್ಬರಾಗಿ ಹೊರಬರಬೇಕು ಎಂದು ಏರ್ಪಾಡು. ಹೊಸ್ತಿಲಲ್ಲಿ ಐದನೇ ನಂಬರು ಎಡವಿದ. ಅವನ ಮೇಲೆ ಎಂಟು, ಎಂಟರ ಮೇಲೆ ಹನ್ನೊಂದು. ಜನ ಚಪ್ಪಾಳೆ ತಟ್ಟಿದರು. ಆರು–ಒಂದರಲ್ಲಿ ಸೋತೆವು.

ಇಪ್ಪತ್ತಮೂರು ಹೊಲಿಗೆ ಹಾಕಿದೆ. ಪುಸ್ತಕ: ಎಲ್ಲರೂ ಚೆನ್ನಾಗಿದ್ದಾರೆ.

ನವೆಂಬರ್ 21, ಗುರುವಾರ

ಸತತ ಹತ್ತನೇ ಸೋಲು. ಕುರ್ಚಿಗಳು ಮುಕ್ಕಾಲು ಖಾಲಿ.

ಗೋಲು ಕಾಯುವ ಒರೆಸ್ಟ್ ಕುಲಿಕ್, ಒಂದನೇ ನಂಬರು, ಆಟಗಾರರ ಸಂಘದ ಪ್ರತಿನಿಧಿ. ಕೆನಡಾದಲ್ಲಿ ಗೋಧಿ ಬೆಳೆಯುವ ಸಾಸ್ಕಾಚೆವನ್ ಕಡೆಯವನು, ಮಾತು ಜಾಸ್ತಿ. ಮಾಲೀಶು ಮೇಜಿನ ಮೇಲೆ ಮಲಗಿಕೊಂಡೇ ಶುರುಮಾಡಿದ. ಟ್ರೇನರುಗಳಿಗೂ ಒಂದು ಸಂಘ ಬೇಕು, ನಿನ್ನ ಹೆಸರು ಬರೆದುಕೊಳ್ಳಲೇ ಎಂದ. ನಾನು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಬೆನ್ನು ತಿರುಗಿಸು ಎಂದೆ.

“ನೀನು ಫಿನ್ಲೆಂಡಿನವರ ಮಗ ಅಲ್ವಾ ಡಾಕ್? ನಿಮ್ಮೂರು ಪೋರ್ಟ್ ಆರ್ಥರ್‌ನಲ್ಲಿ ಮರ ಕಡಿಯೋ ಫಿನ್ನರೆಲ್ಲ ಕೆಂಪು ಬಾವುಟದೋರಂತೆ. ನೀನೊಬ್ಬ ಹೆಂಗೆ ಬೆಳ್ಳಗಾಗ್ಬಿಟ್ಟೆ?”

ಬಟ್ಟೆ ಒಗೆದೂ ಒಗೆದೂ ಎಂದೆ. ನಕ್ಕ. ಅಪ್ಪ ಮರಕಡಿಯುವವರ ಮುಷ್ಕರದಲ್ಲಿ ಎರಡು ಚಳಿಗಾಲ ಕಳೆದವನು. ಆ ಎರಡು ಚಳಿಗಾಲ ನಾವು ಮನೆಯಲ್ಲಿ ಏನು ತಿಂದೆವು ಎಂದು ಯಾವ ಭಾಷಣದಲ್ಲೂ ಬರಲಿಲ್ಲ. ನನಗೆ ಬಾವುಟ ಬೇಡ, ಟೇಪು ಸಾಕು.

ಡಿಸೆಂಬರ್ 15, ಭಾನುವಾರ

ಯಜಮಾನರು ಕರೆಂಟು ಉಳಿಸಲು ಶೀತಯಂತ್ರವನ್ನು ಇಳಿಸಿಟ್ಟಿದ್ದಾರೆ. ಅಂಗಳದ ಐಸು ಮೆತ್ತಗಾಗಿ ಸ್ಕೇಟು ಹೋದಲ್ಲೆಲ್ಲ ಗೀರು, ಹಳ್ಳ. ನಿನ್ನೆ ಎರಡನೇ ಅವಧಿಯಲ್ಲಿ ಹದಿನೇಳು ಪಕ್ ಎಂಬ ರಬ್ಬರು ಬಿಲ್ಲೆಯ ಹಿಂದೆ ಮೂಲೆಗೆ ಹೋದ. ಅವನ ಅಲಗು ಹಳ್ಳದಲ್ಲಿ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಇಬ್ಬರು ಬಂದು ಅವನನ್ನು ಹಲಗೆಗೋಡೆಗೆ ಒತ್ತಿದರು. ಪಾದ ಅಲ್ಲೇ ಉಳಿಯಿತು, ಮೈ ತಿರುಗಿತು. ಬಲ ಮೊಣಕಾಲು.

ಬೆಂಚಿಗೆ ಬಂದವನು ತಬರ್ನಾಕ್ ಎಂದು ಬೈದುಕೊಂಡ. ಅವರ ಕ್ವಿಬೆಕ್ಕಿನಲ್ಲಿ ಚರ್ಚಿನ ಪೂಜಾಸಾಮಾನುಗಳ ಹೆಸರೇ ಬೈಗುಳ. ನಾನು ಮುಟ್ಟಿ ನೋಡಿದೆ. ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರುತ್ತದೆ, ಮೇಜಿನ ಖಾನೆ ಎಳೆದ ಹಾಗೆ. ಒಳಗಿನ ಕಟ್ಟು ಹರಿದಿದೆ. ಇದಕ್ಕೆ ಎಕ್ಸ್‌ರೇ ಬೇಕಿಲ್ಲ.

“ಹೇಗಿದೆ?”

“ಏನಿಲ್ಲ ಡಾಕ್. ಚೆನ್ನಾಗಿದೀನಿ. ಬಿಗಿಯಾಗಿ ಸುತ್ತು.”

ಸುತ್ತಿದೆ. ಮೂರನೇ ಅವಧಿ ಆಡಿದ. ಪುಸ್ತಕ: 17, ಚೆನ್ನಾಗಿದ್ದಾನೆ.

ಡಿಸೆಂಬರ್ 17, ಮಂಗಳವಾರ

ಹದಿನೇಳರ ಮಂಡಿ ಕುಂಬಳಕಾಯಿ ಆಗಿದೆ. ಬಾಗಿಲು ಹಾಕಿಕೊಂಡು ಮಾತಾಡಿದ. ಬರೆಯಬೇಡ ಎಂದ. ಮುಂದಿನ ವರ್ಷಕ್ಕೂ ಒಪ್ಪಂದ ಇದೆ, ಆದರೆ ಕುಂಟ ಎಂದು ಹೆಸರು ಬಿದ್ದರೆ ಅದರ ಆಚೆಗೆ ಬದುಕಿಲ್ಲ. ಊರಲ್ಲಿ ಅವನ ಅಪ್ಪ ತಾಮ್ರ ಕರಗಿಸುವ ಕುಲುಮೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಈಗ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಾನೆ. ನಾನು ಅಲ್ಲಿಗೆ ವಾಪಸು ಹೋಗಲ್ಲ ಎಂದ.

ಬರೆಯಲ್ಲ ಎಂದು ನಾನೂ ಮಾತು ಕೊಟ್ಟೆ.

1975 ಜನವರಿ 9, ಗುರುವಾರ

ತಂಡದ ಡಾಕ್ಟರು ಎಂದರೆ ಸ್ಟೋಬರ್ ಹೆಂಡತಿಯ ತಮ್ಮ. ಮಕ್ಕಳ ಡಾಕ್ಟರು. ಹದಿನೇಳರ ಮಂಡಿ ನೋಡಿ, ಬೆಳೆಯುವ ವಯಸ್ಸಲ್ಲವಲ್ಲ ಎಂದರು. ತಮಾಷೆಗೆ ಅಂದರೋ ಏನೋ. ಮರಗಟ್ಟಿಸುವ ಔಷಧಿಯ ಹನ್ನೆರಡು ಸೀಸೆ, ಒಂದು ಡಬ್ಬ ಸೂಜಿ ಕೊಟ್ಟು, ಪ್ರತಿ ಆಟಕ್ಕೂ ನಾನು ಬರೋಕಾಗಲ್ಲ, ನೀನೇ ಹಾಕು ಎಂದರು. ನನಗೆ ಹಾಕಲು ಪರವಾನಗಿ ಇಲ್ಲ ಎಂದೆ. ಮಂಡಿ ಎಲ್ಲಿದೆ ಅಂತ ಗೊತ್ತಲ್ಲ, ಸಾಕು ಎಂದರು.

ನಿನ್ನೆ ಹಾಕಿದೆ. ಹದಿನೇಳನೇ ನಂಬರಿನ ಗೊದ್ರೋ ಇಪ್ಪತ್ತು ನಿಮಿಷ ಚಿರತೆಯ ಹಾಗೆ ಆಡಿದ. ಬಟ್ಟೆ ಕೋಣೆಗೆ ಬಂದು ಕೂತವನಿಗೆ ತನ್ನ ಸ್ಕೇಟಿನ ದಾರ ಬಿಚ್ಚಲು ಬಗ್ಗಲಾಗಲಿಲ್ಲ. ನಾನು ಬಿಚ್ಚಿದೆ.

ಜನವರಿ 22

ಸೂಜಿ. ಸೋಲು. ಎಲ್ಲರೂ ಚೆನ್ನಾಗಿದ್ದಾರೆ.

ಜನವರಿ 30

ಸೂಜಿ ಎರಡು. ಗೆದ್ದೆವು. ಕೋಚ್ ಗೊದ್ರೋನ ಬೆನ್ನು ತಟ್ಟಿ, ನಿಜವಾದ ಗಂಡಸು ನೋಡ್ರೋ ಎಂದು ಎಲ್ಲರಿಗೂ ತೋರಿಸಿದ.

ಫೆಬ್ರವರಿ 11, ಮಂಗಳವಾರ

ಗೊದ್ರೋನ ಹೆಂಡತಿ ಮಿರೇಯ್ ಬಂದಿದ್ದಳು. ಗಂಡಸರ ಬಟ್ಟೆ ಕೋಣೆಗೆ ಹೆಂಗಸರು ಬರುವ ಹಾಗಿಲ್ಲ. ನೇರ ಬಂದು ಒಗೆಯುವ ಯಂತ್ರದ ಮೇಲೆ ಒಂದು ಪೊಟ್ಟಣ ಇಟ್ಟಳು. ಹಂದಿಮಾಂಸ ತುಂಬಿ ಸುಟ್ಟ ಪೈ, ಇನ್ನೂ ಬಿಸಿಯಿತ್ತು. ಲಂಚ ಎಂದುಕೊಂಡೆ. ಅಲ್ಲ. ಅವರ ಮನೆಯಲ್ಲಿ ಯಾರ ಹತ್ತಿರವಾದರೂ ಜಗಳಕ್ಕೆ ಹೋಗುವಾಗ ಬರಿಗೈಲಿ ಹೋಗುವುದಿಲ್ಲವಂತೆ.

ಆಟವಿಲ್ಲದ ದಿನ ಗಂಡ ಮಹಡಿ ಮೆಟ್ಟಿಲನ್ನು ಕುಂಡೆಯ ಮೇಲೆ ಕೂತು, ಹಿಂದು ಹಿಂದಕ್ಕೆ ಹತ್ತುತ್ತಾನೆ, ನಾಲ್ಕು ವರ್ಷದ ಮಗಳು ಅದನ್ನು ಆಟ ಎಂದುಕೊಂಡು ತಾನೂ ಹಾಗೇ ಹತ್ತುತ್ತಾಳೆ ಎಂದಳು.

“ನನ್ನ ಗಂಡನ ಕಾಲಿಗೆ ಏನು ಹಾಕ್ತಿದೀರಿ? ಅವನು ಹೇಳಲ್ಲ. ನಿಮ್ಮನ್ನ ಕೇಳ್ತಿದೀನಿ.”

ಟೇಪು ಎಂದೆ.

ಅವಳು ಕಪಾಟಿನ ಕಡೆ ನೋಡಿದಳು. ಸೀಸೆಗಳು ಅಲ್ಲೇ ಸಾಲಾಗಿದ್ದವು. ಹೊರಟು ಹೋದಳು. ಪೈ ತಿನ್ನಲಾಗದೆ ಒರೆಸ್ಟ್‌ಗೆ ಕೊಟ್ಟೆ. ಅವನು ನಿಂತ ನಿಲುವಿನಲ್ಲೇ ಮುಗಿಸಿದ.

ಮಾರ್ಚ್ 4, ಮಂಗಳವಾರ

ಆಯಿತು. ಸ್ಟೋಬರ್ ಕೈಯೆತ್ತಿದರು. ಪತ್ರಿಕೆಯವರನ್ನು ಕರೆಸಿ, ಈ ಊರು ಹಾಕಿಗೆ ಯೋಗ್ಯವಲ್ಲ ಎಂದು ಊರನ್ನೇ ಬೈದರು. ಮಿಕ್ಕ ಆಟಗಳನ್ನು ಲೀಗು ನಡೆಸಿ ಮುಗಿಸುತ್ತದೆ. ಏಪ್ರಿಲಿಗೆ ತಂಡ ಇಲ್ಲ. ಹುಟ್ಟಿ ಏಳು ತಿಂಗಳಿಗೆ ತಿಥಿ.

ಅಭ್ಯಾಸ ಮಾತ್ರ ಎಂದಿನಂತೆ ಹತ್ತು ಗಂಟೆಗೆ ನಡೆಯಿತು. ಟೈರ್ ಕಾರ್ಖಾನೆಯ ಮೂವರು ಪ್ರತಿ ಅಭ್ಯಾಸಕ್ಕೂ ರಾತ್ರಿ ಪಾಳಿ ಮುಗಿಸಿ ಬಂದು ಕೂರುತ್ತಿದ್ದರು, ಇವತ್ತೂ ಬಂದಿದ್ದರು. ಯೋಗ್ಯವಲ್ಲದ ಊರಿನವರು.

ಏಪ್ರಿಲ್ 7, ಸೋಮವಾರ

ನಿನ್ನೆ ಕೊನೆಯ ಆಟ. ಲೂಸಿಯೆನ್ ಗೊದ್ರೋಗೆ ಮೂರು ಸೂಜಿ ಬೇಕಾಯಿತು. ಡಿಸೆಂಬರಿನಿಂದ ಒಟ್ಟು ನಲವತ್ತೊಂದು ಆಟ ಆ ಕಾಲಿನಲ್ಲಿ. ಅಂಗಿಗಳನ್ನು ಒಗೆದು ಮಡಿಸಿ ಪೆಟ್ಟಿಗೆಗೆ ತುಂಬಿದೆ. ಪುಸ್ತಕದ ಕೊನೆಯ ಪುಟಕ್ಕೆ ಸಹಿ ಹಾಕಿ ರೆನ್ವಿಕ್‌ಗೆ ಒಪ್ಪಿಸಿದೆ.

ಮೇ 14, ಬುಧವಾರ

ನಮ್ಮವರನ್ನು ಹಂಚಿಕೊಂಡರು. ಮುಚ್ಚಿದ ತಂಡದ ಆಟಗಾರರನ್ನು ಮಿಕ್ಕ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಟೆಲಿಫೋನಿನಲ್ಲಿ ನಲವತ್ತು ನಿಮಿಷದ ಕೆಲಸ. ಒರೆಸ್ಟ್ ಹೋದ, ಐದನೇ ನಂಬರಿನ ರಾಯ್ ಹೋದ, ಅರ್ಧ ಕಣ್ಣಿನವನೂ ಹೋದ. ಹದಿನಾಲ್ಕು ಜನ ಹೋದರು.

ಲೂಸಿಯೆನ್‌ನನ್ನು ಯಾರೂ ಕೇಳಲಿಲ್ಲ.

ಇಪ್ಪತ್ತೊಂಬತ್ತು ವರ್ಷದ ಡಿಫೆಂಡರು, ತಂಡದಲ್ಲಿ ಅವನಷ್ಟು ಆಡಿದವರಿಲ್ಲ, ಪುಸ್ತಕದಲ್ಲಿ ಒಂದು ದಿನವೂ ನೋವಿಲ್ಲ. ಆದರೂ ಹದಿನೇಳು ತಂಡಗಳು ಬೇಡ ಎಂದವು. ಬೆಳಗ್ಗೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಎಲ್ಲರಿಗೂ ಗೊತ್ತಿತ್ತು. ಎಲ್ಲ ಕೋಚುಗಳಿಗೂ, ಎಲ್ಲ ಮ್ಯಾನೇಜರುಗಳಿಗೂ. ಮೇಲಿನ ಕುರ್ಚಿಯಿಂದ ನೋಡಿದರೂ ಆ ಕಾಲು ತಿಳಿಯುತ್ತದೆ. ಹಾಗಾದರೆ ನಾನು ಚಳಿಗಾಲವಿಡೀ ಯಾರಿಂದ ಮುಚ್ಚಿಟ್ಟೆ?

ಮೇ 20, ಮಂಗಳವಾರ

ಒರೆಸ್ಟ್ ಬಂದು ನಿಯಮ ವಿವರಿಸಿದ. ತಂಡ ಮುಚ್ಚುವ ದಿನ ಆಟಗಾರ ಗಾಯಗೊಂಡಿದ್ದರೆ ಲೀಗೇ ಶಸ್ತ್ರಚಿಕಿತ್ಸೆ ಮಾಡಿಸಬೇಕು, ಉಳಿದ ವರ್ಷದ ಒಪ್ಪಂದ ನಡೆಸಿಕೊಡಬೇಕು. ಚೆನ್ನಾಗಿದ್ದೂ ಯಾರೂ ಆರಿಸದಿದ್ದರೆ ಒಪ್ಪಂದ ಸತ್ತಂತೆ, ಮನೆಗೆ ಹೋಗಬಹುದು. ಸಂಘ ಲೂಸಿಯೆನ್ ಪರವಾಗಿ ದೂರು ಹಾಕಿದೆ. ಅರ್ಜಿಗೆ ಅವನು ಮೊದಲು ಸಹಿ ಹಾಕಲಿಲ್ಲ. ಮಿರೇಯ್ ಎದುರಿಗೆ ಪೆನ್ನು ಹಿಡಿದು ಕೂತು ಹಾಕಿಸಿದಳಂತೆ.

ಲೀಗಿನ ವಕೀಲ ಉತ್ತರವಾಗಿ ಕೆಂಪು ಪುಸ್ತಕದ ನಕಲು ಕಳಿಸಿದ್ದಾನೆ. ಒರೆಸ್ಟ್ ಅದನ್ನು ನನ್ನ ಮುಂದೆ ಬಿಡಿಸಿ ಹಿಡಿದ. ನನ್ನದೇ ಕೈಬರಹ. 17, ಚೆನ್ನಾಗಿದ್ದಾನೆ. 17, ಚೆನ್ನಾಗಿದ್ದಾನೆ. ಪುಟ ಪುಟಕ್ಕೂ.

“ನಿಮ್ಮ ಟ್ರೇನರೇ ನಮ್ಮ ಸಾಕ್ಷಿ ಅಂತ ನಗ್ತಾನೆ ಡಾಕ್ ಅವನು. ಬಂದು ನಿಜ ಹೇಳ್ತೀಯಾ?”

ಯಾರು ಕೇಳಿದ್ದನ್ನು ಬರೆದೆ ನಾನು, ನೀವೇ ಅಲ್ಲವೇ, ಒಬ್ಬೊಬ್ಬನೂ ಬರೆಯಬೇಡ ಡಾಕ್ ಎಂದು ಕಾಲು ಹಿಡಿದವರು ಎಂದು ರೇಗಿದೆ. ಹೌದು ನಾವೇ ಎಂದ. ಚಹಾ ಕುಡಿಯದೆ ಹೋದ.

ಮೇ 27, ಮಂಗಳವಾರ

ರೆನ್ವಿಕ್ ಊಟಕ್ಕೆ ಕರೆದಿದ್ದರು. ಒಳ್ಳೆಯ ಜಾಗ, ದೊಡ್ಡ ಮಾಂಸದ ತುಂಡು. ಅವರಿಗೆ ಪಶ್ಚಿಮದ ಒಂದು ತಂಡದಲ್ಲಿ ಕೆಲಸ ಸಿಕ್ಕಿದೆ. ನನ್ನನ್ನೂ ಕರೆದುಕೊಂಡು ಹೋಗುತ್ತಾರಂತೆ, ಕೈಕೆಳಗೆ ಇಬ್ಬರು ಸಹಾಯಕರು, ಬಟ್ಟೆ ಒಗೆಯುವ ಕೆಲಸ ಇಲ್ಲ. ವಿಚಾರಣೆಯಲ್ಲಿ ನೀನು ಹೆಚ್ಚೇನೂ ಹೇಳಬೇಕಾಗಿಲ್ಲ ಎಲ್ಡನ್, ಇದು ನನ್ನ ಪುಸ್ತಕ, ಇದು ನನ್ನ ಸಹಿ ಎಂದರೆ ಸಾಕು ಎಂದರು. ಇದರಲ್ಲಿ ಸುಳ್ಳೇನೂ ಇಲ್ಲ ನೋಡು. ಬೇರೆ ಥರ ಮಾತಾಡಿದರೆ ಸೂಜಿಯ ವಿಷಯ ಬರುತ್ತದೆ, ಹಾಕಿದ ಕೈ ಯಾರದು ಎಂಬ ಪ್ರಶ್ನೆ ಬರುತ್ತದೆ, ಅದು ಯಾರಿಗೂ ಒಳ್ಳೆಯದಲ್ಲ.

ಯೋಚಿಸುತ್ತೇನೆ ಎಂದೆ. ಮಾಂಸ ಪೂರ್ತಿ ತಿಂದೆ. ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ಇಪ್ಪತ್ತೆರಡು ವರ್ಷ ದಯೆ ಎಂದುಕೊಂಡು ಬರೆದ ಪದ ಅದು. ನಮ್ಮ ನಮ್ಮಲ್ಲೇ ಇರಲಿ, ಮೇಲಿನವರಿಗೆ ತಿಳಿಯದಿರಲಿ ಎಂದು. ಮೇಲಿನವರಿಗೆ ಮೊದಲೇ ತಿಳಿದಿತ್ತು. ಅವರಿಗೆ ಬೇಕಾಗಿದ್ದದ್ದು ನಮ್ಮ ಕೈಯ ಸಹಿ. ಕಾಲು ಮುರಿಯುವವರೆಗೆ ಬಳಸಿಕೊಂಡು, ಮುರಿದೇ ಇಲ್ಲ ಎಂದು ಮುರಿಸಿಕೊಂಡವನ ಬಾಯಿಂದಲೇ ಹೇಳಿಸುತ್ತಾರೆ. ಅದನ್ನು ಗಂಡಸುತನ ಎಂದು ಕರೆದು ಬೆನ್ನು ತಟ್ಟುತ್ತಾರೆ. ಆ ತಟ್ಟುವ ಕೈಗೆ ಸೂಜಿ ಹಿಡಿದ ಗುರುತಿರುವುದಿಲ್ಲ.

ಜೂನ್ 3, ಮಂಗಳವಾರ

ಲೂಸಿಯೆನ್ ಮನೆಗೆ ಹೋಗಿದ್ದೆ. ಸಾಮಾನು ಅರ್ಧ ಕಟ್ಟಿಟ್ಟಿದ್ದಾರೆ. ಟೆಲಿಫೋನು ಮಾತ್ರ ಕಟ್ಟಿಲ್ಲ. ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದಾನೆ. ಯಾವುದಾದರೂ ತಂಡದಲ್ಲಿ ಯಾರಿಗಾದರೂ ಏಟು ಬಿದ್ದರೆ ಕರೆ ಬರುತ್ತದೆ ಎಂದ. ಜೂನ್ ತಿಂಗಳಲ್ಲಿ ಯಾರೂ ಆಡುವುದಿಲ್ಲ.

ನಾನು ಹೇಳಿದೆ, ವಿಚಾರಣೆಯಲ್ಲಿ ಇರುವುದನ್ನು ಹೇಳುತ್ತೇನೆ ಅಂತ.

“ಹೇಳಿದ್ರೆ ನಮ್ಮಿಬ್ಬರ ಮಧ್ಯೆ ಮಾತು ಮುಗೀತು ಅಂದ್ಕೋ. ನನ್ನ ಕಾಲು ನನ್ನದು ಡಾಕ್. ಅದನ್ನ ಊರ ಮುಂದೆ ಬಿಚ್ಚಿಡೋಕೆ ನೀನ್ಯಾರು?”

ಮಿರೇಯ್ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಸುತ್ತುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಜೂನ್ 10, ಮಂಗಳವಾರ

ರೆನ್ವಿಕ್‌ಗೆ ಒಪ್ಪಿಗೆಯ ಕಾಗದ ಹಾಕಿಲ್ಲ. ನಾಳೆ ವಿಚಾರಣೆ. ಕೋಟು ಇಸ್ತ್ರಿ ಮಾಡಿದೆ. ಒಬ್ಬನದೇ ಬಟ್ಟೆ ಇಸ್ತ್ರಿ ಮಾಡಿ ಎಷ್ಟು ವರ್ಷವಾಗಿತ್ತೋ, ಎರಡೇ ನಿಮಿಷಕ್ಕೆ ಮುಗಿಯಿತು.

ಜೂನ್ 12, ಗುರುವಾರ

ನಿನ್ನೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹೋಟೆಲಿನ ಸಭೆಯ ಕೋಣೆ, ಉದ್ದದ ಮೇಜು, ಹಸಿರು ಬಟ್ಟೆ. ಮೇಜಿನ ಆಚೆ ತೀರ್ಪು ಕೊಡುವ ಮಧ್ಯಸ್ಥ, ಕಿವಿಗೆ ಯಂತ್ರ ಹಾಕಿಕೊಂಡ ಮುದುಕ, ನಿವೃತ್ತ ನ್ಯಾಯಾಧೀಶ. ಅವರ ಎರಡೂ ಕಡೆ ಲೀಗಿನವರು ಐವರು, ಅವರಲ್ಲೊಬ್ಬ ವಕೀಲ, ಒಬ್ಬರು ರೆನ್ವಿಕ್. ಈಚೆ ನಾವು: ಒರೆಸ್ಟ್, ಲೂಸಿಯೆನ್, ಮಿರೇಯ್, ನಾನು.

ಮಧ್ಯಸ್ಥರು ಮೊದಲು ಲೂಸಿಯೆನ್‌ನನ್ನೇ ಕೇಳಿದರು, ಮೊಣಕಾಲು ಹೇಗಿದೆ ಎಂದು.

ಅವನು ಎದ್ದು ನಿಂತ. ಬೆನ್ನು ನೆಟ್ಟಗೆ ಮಾಡಿದ. “ಚೆನ್ನಾಗಿದೆ ಸರ್” ಎಂದ.

ಮಿರೇಯ್ ಕಣ್ಣು ಮುಚ್ಚಿಕೊಂಡಳು. ವಕೀಲ ತನ್ನ ಕಡತದ ದಾರ ಕಟ್ಟತೊಡಗಿದ. ದೂರು ಕೊಟ್ಟವನೇ ದೂರಿಲ್ಲ ಎಂದ ಮೇಲೆ ಏನಿದೆ? ಯೋಚಿಸಿ ಹೇಳಿದ ಮಾತಲ್ಲ ಅದು. ಆರು ವರ್ಷದ ವಯಸ್ಸಿನಿಂದ ಅಂಗಳದಲ್ಲಿ ಬೆಳೆದವನಿಗೆ ಆ ಪ್ರಶ್ನೆಗೆ ನಾಲಿಗೆ ಬೇರೆ ಕಡೆ ಹೊರಳುವುದೇ ಇಲ್ಲ.

ಒರೆಸ್ಟ್ ನನ್ನ ಹೆಸರು ಹೇಳಿದ. ನಾನು ಎದ್ದು, ಈ ಪುಸ್ತಕ ನನ್ನದು, ಸಹಿ ನನ್ನದು, ಒಳಗಿರುವುದು ಸುಳ್ಳು ಎಂದೆ. ಡಿಸೆಂಬರ್ ಹದಿನಾಲ್ಕರಂದು ಬಲ ಮೊಣಕಾಲಿನ ಕಟ್ಟು ಹರಿದಿದೆ ಎಂದೆ. ನಲವತ್ತೊಂದು ಆಟ, ಜನವರಿ ಎಂಟರಿಂದ ಪ್ರತಿ ಆಟಕ್ಕೂ ಸೂಜಿ, ಹಾಕಿದ ಕೈ ಇದೇ ಎಂದು ಕೈ ತೋರಿಸಿದೆ. ಸೀಸೆ ಯಾರು ಕೊಟ್ಟರು, ಯಾರಿಗೆಲ್ಲ ಗೊತ್ತಿತ್ತು ಎಂಬುದನ್ನೂ ಹೇಳಿದೆ. ರೆನ್ವಿಕ್ ನೀರಿನ ಲೋಟ ನೋಡುತ್ತಿದ್ದರು.

ವಕೀಲ ಎದ್ದ. ಹಾಗಾದರೆ ನೀನು ಸುಳ್ಳುಗಾರ ಎಂದ ಹಾಗಾಯಿತು ಎಂದ.

“ಹೌದು ಸ್ವಾಮಿ. ಅದು ಸಂಬಳ ತಗೊಂಡು ಹೇಳಿದ ಸುಳ್ಳು. ಇದು ಬಿಟ್ಟಿ ಹೇಳ್ತಿರೋ ನಿಜ. ನಿಮಗೆ ಯಾವುದು ನಂಬಿಕೆ ಬರುತ್ತೋ ನೋಡಿ.”

ಲೂಸಿಯೆನ್ ನನ್ನತ್ತ ತಿರುಗಿದ. ಹೊಡೆಯುವವನ ಮುಖ ನನಗೆ ಗೊತ್ತು, ಅದು ಆ ಮುಖ. ವಕೀಲ ಅದನ್ನು ಕಂಡ. ಜಾಣ. ಸಾಕ್ಷಿ ಬೇಡ, ವಾದ ಬೇಡ, ಕಾಲು ಇಲ್ಲೇ ಇದೆಯಲ್ಲ, ಗೊದ್ರೋ ಅವರು ಒಮ್ಮೆ ಕುಕ್ಕರುಗಾಲಿನಲ್ಲಿ ಕೂತು ಎದ್ದು ತೋರಿಸಲಿ ಎಂದ. ಒರೆಸ್ಟ್ ಬೇಡ ಎನ್ನುವಷ್ಟರಲ್ಲಿ ಲೂಸಿಯೆನ್ ಕುರ್ಚಿ ಪಕ್ಕಕ್ಕೆ ತಳ್ಳಿದ್ದ. ಕೂತ. ನನ್ನ ಮುಖವನ್ನೇ ನೋಡುತ್ತ, ನನ್ನನ್ನು ಸುಳ್ಳು ಮಾಡಲಿಕ್ಕೆಂದೇ, ಪೂರ್ತಿ ಕೆಳಗೆ ಹೋಗಿ ಕೂತ. ಸೂಜಿ ಇಲ್ಲದೆ, ಟೇಪು ಇಲ್ಲದೆ.

ಏಳಲಾಗಲಿಲ್ಲ.

ಒಂದು ಸಲ ಪ್ರಯತ್ನಿಸಿದ. ಮಂಡಿ ಒಳಗೆ ಏನೋ ಜಾರಿದ ಸದ್ದು ಮಿರೇಯ್‌ಗೂ ಕೇಳಿಸಿತು. ಪಕ್ಕಕ್ಕೆ ವಾಲಿ ನೆಲಕ್ಕೆ ಕೈಯೂರಿದ. ಹಣೆಯಲ್ಲಿ ಬೆವರು. ಯಾರೂ ಅಲುಗಲಿಲ್ಲ. ಬಿದ್ದವನ ಹತ್ತಿರ ಟ್ರೇನರ್ ಬರುವವರೆಗೆ ಬೇರೆ ಯಾರೂ ಅವನನ್ನು ಮುಟ್ಟುವುದಿಲ್ಲ, ಅದು ಅಂಗಳದ ಪದ್ಧತಿ. ಒರೆಸ್ಟ್ ಕೂಡ ನನ್ನನ್ನೇ ನೋಡಿದ. ನಾನು ಹೋಗಿ ಬಗ್ಗಿದೆ.

“ಎತ್ತು ಡಾಕ್,” ಎಂದ ಲೂಸಿಯೆನ್, ಹಲ್ಲು ಕಚ್ಚಿಕೊಂಡು. “ಬೇಗ ಎತ್ತು.”

ಇಷ್ಟು ವರ್ಷ ನಾನು ಮಾಡಿದ ಕೆಲಸವೇ ಅದು. ಬಿದ್ದವನ ಕಂಕುಳಿಗೆ ಕೈ ಹಾಕಿ, ಜನ ನೋಡುವ ಮೊದಲೇ ಎಬ್ಬಿಸಿ ನಿಲ್ಲಿಸುವುದು. ಕೈ ತಾನಾಗಿಯೇ ಅವನ ಕಂಕುಳಿಗೆ ಹೋಯಿತು. ಹಿಂದಕ್ಕೆ ತೆಗೆದೆ.

“ಏಳ್ಬೇಡ. ಕೂತಿರು. ನೋಡ್ಲಿ ಅವರು.”

ಅವನು ಬೈದ. ಅವನ ಚರ್ಚಿನ ಸಾಮಾನೊಂದನ್ನೂ ಬಿಡಲಿಲ್ಲ. ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಿರೇಯ್ ಬಂದು ಆ ಕಡೆ ಕೂತು ಅವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅವನು ಬೈಯುವುದು ನಿಲ್ಲಿಸಿದ. ಯಾರೂ ಕೇಳದಿದ್ದರೂ, ನೋಯ್ತಿದೆ ಎಂದ.

ಹಸಿರು ಬಟ್ಟೆಯ ಮೇಜು ಅಡ್ಡ ಇತ್ತು. ಆಚೆ ಕೂತವರಿಗೆ ನಾವು ಕಾಣಿಸುತ್ತಿರಲಿಲ್ಲ. ಮೊದಲು ಮಧ್ಯಸ್ಥರು ಎದ್ದರು. ಆಮೇಲೆ ಒಬ್ಬೊಬ್ಬರಾಗಿ, ಕೊನೆಗೆ ರೆನ್ವಿಕ್ ಕೂಡ, ನೆಲದ ಮೇಲಿದ್ದ ನಮ್ಮನ್ನು ನೋಡಲು ಅವರೆಲ್ಲ ಎದ್ದು ನಿಲ್ಲಬೇಕಾಯಿತು.